ಮತದಾರರ ಪಟ್ಟಿ: ಅಳಿಸಿದ ಹೆಸರಿನ ಕಡತ ಯಾರ ಕೈಯಲ್ಲಿದೆ?

ಮತದಾರರ ಪಟ್ಟಿಯ ಒಂದು ಪುಟದಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು, ಒಟ್ಟು ಮೂವತ್ತು ಚೌಕಗಳಿರುತ್ತವೆ. ಪ್ರತಿ ಚೌಕದಲ್ಲೂ ಕ್ರಮಸಂಖ್ಯೆ, ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಇಷ್ಟು ವಿವರ ಸಿಗುತ್ತದೆ. ಹೆಸರು ತೆಗೆದುಹಾಕಿದ್ದರೆ ಆ ಚೌಕದ ಮೇಲೆ ಓರೆಯಾಗಿ ‘ಡಿಲೀಟೆಡ್’ ಎಂಬ ಮುದ್ರೆ ಬೀಳುತ್ತದೆ. ಜೊತೆಗೆ ಒಂದೇ ಒಂದು ಅಕ್ಷರ ಬರುತ್ತದೆ. ತೀರಿಕೊಂಡವರಿಗೆ ‘ಇ’, ಊರು ಬಿಟ್ಟವರಿಗೆ ‘ಎಸ್’, ಎರಡು ಕಡೆ ಹೆಸರಿರುವವರಿಗೆ ‘ಆರ್’, ಪತ್ತೆಯಾಗದವರಿಗೆ ‘ಎಂ’, ಅನರ್ಹರಾದವರಿಗೆ ‘ಕ್ಯೂ’. ಆ ಒಂದಕ್ಷರದ ಹಿಂದೆ ಒಂದು ಕಡತ ಇರಲೇಬೇಕು. ಯಾರಾದರೂ ಅರ್ಜಿ ಕೊಟ್ಟಿರಬೇಕು ಅಥವಾ ಅಧಿಕಾರಿಯೇ ಕ್ರಮ ಆರಂಭಿಸಿರಬೇಕು, ಮನೆಗೆ ಹೋಗಿ ವಿಚಾರಿಸಿರಬೇಕು, ನೋಟಿಸ್ ಕೊಟ್ಟಿರಬೇಕು, ಕೊನೆಗೆ ಆದೇಶ ಬರೆದಿರಬೇಕು. ಪಟ್ಟಿ ಎಲ್ಲರಿಗೂ ಸಿಗುತ್ತದೆ. ಕಡತ ಹಾಗಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಮತದಾರರ ಪಟ್ಟಿಯ ಸುತ್ತ ನ್ಯಾಯಾಲಯದ ಮೆಟ್ಟಿಲೇರಿದ ವ್ಯಾಜ್ಯಗಳನ್ನು ಎರಡು ಬಗೆಯವೆಂದು ಸಾಮಾನ್ಯವಾಗಿ ವಿಂಗಡಿಸುತ್ತಾರೆ. ಪಟ್ಟಿ ಎಷ್ಟು ನಿಖರವಾಗಿದೆ ಎಂಬುದು ಒಂದು ಬಗೆ, ಚುನಾವಣಾ ದಾಖಲೆಗಳನ್ನು ನೋಡುವ ಹಕ್ಕು ಸಾರ್ವಜನಿಕರಿಗೆ ಎಷ್ಟಿದೆ ಎಂಬುದು ಇನ್ನೊಂದು. ಮಹದೇವಪುರ, ಆಳಂದ ಮತ್ತು ಬಿಹಾರದ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಮೂರರಲ್ಲೂ ತಕರಾರು ಬಗೆಹರಿಯದೆ ಉಳಿದದ್ದಕ್ಕೆ ಕಾರಣ ಒಂದೇ: ಬೇಕಾದ ದಾಖಲೆ ಬೇಕಾದ ರೂಪದಲ್ಲಿ, ಅದಕ್ಕಿಂತ ಮುಖ್ಯವಾಗಿ ಬೇಕಾದ ಹೊತ್ತಿಗೆ, ಕೈಗೆ ಸಿಗದಿರುವುದು.

ಹೊತ್ತಿನ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಸಂವಿಧಾನದ 326ನೇ ವಿಧಿ ವಯಸ್ಕ ಮತದಾನವನ್ನು ಸ್ಥಾಪಿಸಿತು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಆ ಹಕ್ಕನ್ನು ಪಟ್ಟಿಗೆ ಕಟ್ಟಿತು. ಹದಿನೆಂಟು ತುಂಬಿದ, ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾದ ಪ್ರಜೆಗೆ ನೋಂದಣಿಯ ಹಕ್ಕಿದೆ ಎಂದು ಅದರ 19ನೇ ಕಲಂ ಹೇಳುತ್ತದೆ. ಹೆಸರು ತಪ್ಪಾಗಿ ಸೇರಿದ್ದರೂ, ಬಿಟ್ಟುಹೋಗಿದ್ದರೂ ಸರಿಪಡಿಸಲು ದಾರಿಯಿದೆ. ಆದರೆ ಆ ದಾರಿ ಒಂದು ದಿನ ಮುಚ್ಚುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವತನಕ ಪಟ್ಟಿಯಲ್ಲಿ ಯಾವ ಬದಲಾವಣೆಯನ್ನೂ ಮಾಡುವಂತಿಲ್ಲ. ಹೆಸರಿನ ನೋಂದಣಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಸಿವಿಲ್ ನ್ಯಾಯಾಲಯ ವಿಚಾರಿಸದಂತೆ 30ನೇ ಕಲಂ ತಡೆಯುತ್ತದೆ. ಫಲಿತಾಂಶದ ನಂತರ ಚುನಾವಣಾ ತಕರಾರು ಅರ್ಜಿ ಹಾಕಿದವರಿಗಾದರೋ, ಪಟ್ಟಿಯಲ್ಲಿರುವ ವ್ಯಕ್ತಿ ನಿಜಕ್ಕೂ ಆ ಕ್ಷೇತ್ರದ ನಿವಾಸಿಯೇ ಎಂಬುದನ್ನು ಆ ಹಂತದಲ್ಲಿ ಕೆದಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಎಪ್ಪತ್ತರ ದಶಕದಲ್ಲೇ ಹೇಳಿಬಿಟ್ಟಿದೆ. ಅಂದರೆ ಚುನಾವಣೆಗೆ ಮೊದಲು ಕೆಲವೇ ವಾರ ತೆರೆದಿರುವ ಕಿಟಕಿಯೊಂದೇ ಉಳಿಯುವುದು, ಆ ಕಿಟಕಿಯಲ್ಲಿ ಕಾಣದೇ ಹೋದ ತಪ್ಪು ಆ ಚುನಾವಣೆಯ ಮಟ್ಟಿಗೆ ಸರಿಯೆಂದೇ ಲೆಕ್ಕ.

ಈ ವ್ಯವಸ್ಥೆಯನ್ನು ರೂಪಿಸಿದವರಿಗೆ ಅದರ ಅಪಾಯ ತಿಳಿಯದೇ ಇರಲಿಲ್ಲ. ಅದಕ್ಕಾಗಿಯೇ 1960ರ ಮತದಾರರ ನೋಂದಣಿ ನಿಯಮಗಳಲ್ಲಿ ಪಾರದರ್ಶಕತೆಯ ಏರ್ಪಾಡುಗಳನ್ನು, ಆ ಕಾಲಕ್ಕೆ ತಕ್ಕಂತೆ, ಮಾಡಿಟ್ಟಿದ್ದಾರೆ. ಸೇರ್ಪಡೆಗೆ ಬಂದ ಅರ್ಜಿಗಳನ್ನು ನಮೂನೆ 9ರಲ್ಲಿ, ಹೆಸರಿನ ವಿರುದ್ಧ ಬಂದ ಆಕ್ಷೇಪಣೆಗಳನ್ನು ನಮೂನೆ 10ರಲ್ಲಿ ಪಟ್ಟಿ ಮಾಡಿ ಕಚೇರಿಯ ಸೂಚನಾ ಫಲಕದಲ್ಲಿ ತೂಗುಹಾಕಬೇಕು. ಸತ್ತವರ, ಊರು ಬಿಟ್ಟವರ ಹೆಸರನ್ನು ಅಧಿಕಾರಿ ತಾನಾಗಿಯೇ ತೆಗೆಯುವುದಾದರೆ, 21ಎ ನಿಯಮದ ಪ್ರಕಾರ, ಮೊದಲು ಅಂಥವರ ಪಟ್ಟಿಯನ್ನು ಫಲಕಕ್ಕೆ ಹಾಕಿ, ವಿಚಾರಣೆಯ ದಿನ ಮತ್ತು ಸ್ಥಳವನ್ನು ಸಾರಿ, ಬಾಯಿಮಾತಿನ ಆಕ್ಷೇಪಣೆಯನ್ನೂ ಕೇಳಬೇಕು. 33ನೇ ನಿಯಮವಂತೂ ಪಟ್ಟಿಗೆ ಸಂಬಂಧಿಸಿದ ಕಾಗದಪತ್ರಗಳನ್ನು ಪರಿಶೀಲಿಸುವ, ಶುಲ್ಕ ಕೊಟ್ಟು ದೃಢೀಕೃತ ಪ್ರತಿ ಪಡೆಯುವ ಹಕ್ಕನ್ನು ಪ್ರತಿಯೊಬ್ಬ ವ್ಯಕ್ತಿಗೂ ಕೊಡುತ್ತದೆ. ಬಾಯಿಮಾತಿನ ಆಕ್ಷೇಪಣೆಗೂ ಬೆಲೆಯಿದೆ ಎಂಬ ಆ ಸಾಲು ಓದಿದಾಗ, ಓದುಬರಹ ಬಾರದವರೇ ಹೆಚ್ಚಿದ್ದ ಕಾಲದ ಕಾನೂನು ಈಗಿನ ಆನ್‌ಲೈನ್ ವ್ಯವಸ್ಥೆಗಿಂತ ಮತದಾರನಿಗೆ ಹತ್ತಿರವಿತ್ತೇನೋ ಅನ್ನಿಸುತ್ತದೆ.

ದಾಖಲೆಯ ರೂಪದ ಬಗ್ಗೆ ಮೊದಲ ದೊಡ್ಡ ಜಗಳ ನಡೆದದ್ದು 2018ರಲ್ಲಿ. ಅದಕ್ಕೆ ಮೊದಲು ಅನೇಕ ರಾಜ್ಯಗಳ ಪಟ್ಟಿಗಳನ್ನು ಕಂಪ್ಯೂಟರ್ ನೇರವಾಗಿ ಓದಬಲ್ಲ, ಪದ ಹಾಕಿ ಹುಡುಕಬಲ್ಲ ಕಡತಗಳಾಗಿ ಜಾಲತಾಣಕ್ಕೆ ಏರಿಸಲಾಗುತ್ತಿತ್ತು. ಆ ವರ್ಷದಿಂದ ಚುನಾವಣಾ ಆಯೋಗ ಚಿತ್ರರೂಪದ ಪಿಡಿಎಫ್‌ಗೆ ಬದಲಾಯಿತು. ಮಧ್ಯಪ್ರದೇಶದ ಪಟ್ಟಿಯಲ್ಲಿ ಲಕ್ಷಾಂತರ ನಕಲಿ ನಮೂದುಗಳಿವೆ ಎಂದು ದೂರಿದ್ದ ಕಮಲನಾಥ್, ಕರಡು ಪಟ್ಟಿಯನ್ನು ಹುಡುಕಬಲ್ಲ ರೂಪದಲ್ಲೇ ಕೊಡಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ರಾಜಸ್ಥಾನದ ಪರವಾಗಿ ಸಚಿನ್ ಪೈಲಟ್ ಕೂಡ ಅರ್ಜಿ ಹಾಕಿದ್ದರು. ಕರಡು ಪಟ್ಟಿ ‘ಟೆಕ್ಸ್ಟ್ ಮೋಡ್’ನಲ್ಲಿ ಇರಬೇಕೆಂದು ಆಯೋಗದ ಕೈಪಿಡಿಯೇ ಹೇಳುತ್ತದೆ ಎಂಬುದು ಅರ್ಜಿದಾರರ ವಾದವಾಗಿತ್ತು. 2018ರ ಅಕ್ಟೋಬರ್ 12ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರ ಪೀಠ ಅರ್ಜಿಗಳನ್ನು ತಳ್ಳಿಹಾಕಿತು. ಟೆಕ್ಸ್ಟ್ ಎಂದರೆ ಹುಡುಕಬಲ್ಲದ್ದು ಎಂದೇ ಅರ್ಥವಲ್ಲ, ಬೇಕಿದ್ದರೆ ಅರ್ಜಿದಾರರೇ ಅದನ್ನು ಹುಡುಕಬಲ್ಲ ರೂಪಕ್ಕೆ ಬದಲಿಸಿಕೊಳ್ಳಬಹುದು ಎಂದಿತು.

ಈ ತೀರ್ಪನ್ನು ಉಲ್ಲೇಖಿಸುವಾಗ ಸಾಮಾನ್ಯವಾಗಿ ಆಗುವ ಜಾರುವಿಕೆಯೊಂದನ್ನು ಇಲ್ಲಿಯೇ ಗುರುತಿಸಬೇಕು. ಹುಡುಕಬಲ್ಲ ಪಟ್ಟಿ ಕೊಡುವುದು ಖಾಸಗಿತನಕ್ಕೆ ಧಕ್ಕೆ ಎಂದು ನ್ಯಾಯಾಲಯವೇ ಅದನ್ನು ನಿಷೇಧಿಸಿದೆ ಎಂಬಂತೆ ಮಾತನಾಡುವುದು ರೂಢಿಯಾಗಿಬಿಟ್ಟಿದೆ. ತೀರ್ಪು ಹೇಳಿದ್ದು ಅಷ್ಟಲ್ಲ. ಕೊಡಲೇಬೇಕೆಂದು ಆಯೋಗವನ್ನು ಒತ್ತಾಯಿಸಲು ಅದು ಒಪ್ಪಲಿಲ್ಲ. ಆಯೋಗ ತಾನಾಗಿಯೇ ಕೊಟ್ಟರೆ ತಡೆಯುವ ಸಾಲು ಅದರಲ್ಲಿಲ್ಲ. ಮೇಲಾಗಿ ‘ಬದಲಿಸಿಕೊಳ್ಳಬಹುದು’ ಎಂಬ ಮಾತೇ ಖಾಸಗಿತನದ ವಾದವನ್ನು ದುರ್ಬಲಗೊಳಿಸುತ್ತದೆ, ಏಕೆಂದರೆ ಹಣ, ಯಂತ್ರ, ಆಳು ಇದ್ದವರು ಚಿತ್ರವನ್ನು ಅಕ್ಷರವಾಗಿಸಿಕೊಳ್ಳುವುದು ತಡವಾಗಬಹುದೇ ಹೊರತು ಅಸಾಧ್ಯವಲ್ಲ, ಹೀಗಿರುವಾಗ ಚಿತ್ರರೂಪದ ಕಡತ ನಿಜವಾಗಿ ಕಟ್ಟಿಹಾಕುವುದು ಮಾಹಿತಿ ಕಳ್ಳನನ್ನಲ್ಲ, ತನ್ನ ಬೀದಿಯ ಪಟ್ಟಿಯನ್ನು ಒಂದು ಸಂಜೆಯಲ್ಲಿ ತಾಳೆ ನೋಡಬೇಕೆಂದಿರುವ ನಿವಾಸಿಗಳ ಸಂಘವನ್ನು.

ಆ ತಡ ಎಷ್ಟಿರಬಹುದು ಎಂಬುದಕ್ಕೆ ಮಹದೇವಪುರ ಉದಾಹರಣೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರ ಕ್ಷೇತ್ರವನ್ನು ಬಿಜೆಪಿ 32,707 ಮತಗಳಿಂದ ಗೆದ್ದಿತ್ತು. ಮಹದೇವಪುರ ವಿಧಾನಸಭಾ ಕ್ಷೇತ್ರವೊಂದರಲ್ಲೇ ಅದಕ್ಕೆ ಒಂದು ಲಕ್ಷಕ್ಕೂ ಮೀರಿದ ಮುನ್ನಡೆ ಸಿಕ್ಕಿತ್ತು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ, ಆ ಕ್ಷೇತ್ರದ ಪಟ್ಟಿಯಲ್ಲಿ 1,00,250 ಸಂಶಯಾಸ್ಪದ ನಮೂದುಗಳಿವೆ ಎಂದು ಆರೋಪಿಸಿದರು: ಎರಡೆರಡು ಕಡೆ ಹೆಸರಿರುವವರು 11,965, ವಿಳಾಸ ಸರಿಯಿಲ್ಲದವರು 40,009, ಒಂದೇ ವಿಳಾಸದಲ್ಲಿ ಗುಂಪಾಗಿರುವವರು 10,452, ಭಾವಚಿತ್ರ ಸರಿಯಿಲ್ಲದವರು 4,132, ಹೊಸದಾಗಿ ಹೆಸರು ಸೇರಿಸಲು ಕೊಡುವ ನಮೂನೆ 6ರ ದುರ್ಬಳಕೆ 33,692. ಏಳು ಅಡಿ ಎತ್ತರದ ಕಾಗದದ ರಾಶಿಯನ್ನು ಹಾಳೆ ಹಾಳೆಯಾಗಿ ತಾಳೆ ನೋಡಲು ತಮ್ಮ ತಂಡಕ್ಕೆ ಆರು ತಿಂಗಳು ಹಿಡಿಯಿತು ಎಂದರು. ರಾಷ್ಟ್ರೀಯ ಪಕ್ಷವೊಂದಕ್ಕೆ ಒಂದು ವಿಧಾನಸಭಾ ಕ್ಷೇತ್ರಕ್ಕೇ ಇಷ್ಟು ಸಮಯ ಬೇಕಾದರೆ, ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವ ಕೆಲವೇ ವಾರಗಳಲ್ಲಿ ಯಾರು ಏನು ಮಾಡಬಲ್ಲರು ಎಂಬ ಪ್ರಶ್ನೆ ಆರೋಪದ ಸತ್ಯಾಸತ್ಯತೆಯಾಚೆಗೂ ಉಳಿಯುತ್ತದೆ.

ಆರೋಪದಲ್ಲಿದ್ದ ಎಲ್ಲವೂ ‘ಮತಗಳ್ಳತನ’ ಎಂದು ಒಪ್ಪಲು ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದ ಯಾರೇ ಆದರೂ ಹಿಂಜರಿಯುತ್ತಾರೆ. ಒಂದೇ ಕೋಣೆಯ ಮನೆಯ ವಿಳಾಸದಲ್ಲಿ ಎಂಬತ್ತು ಹೆಸರುಗಳಿವೆ ಎಂಬುದು ಅಂದಿನ ಪ್ರಮುಖ ಉದಾಹರಣೆಯಾಗಿತ್ತು. ಸ್ಥಳಕ್ಕೆ ಹೋದ ವರದಿಗಾರರಿಗೆ ಸಿಕ್ಕ ವಿವರಣೆ ಬೇರೆ: ಹನ್ನೊಂದು ತಿಂಗಳ ಕರಾರಿನಲ್ಲಿ ಬಂದುಹೋದ ವಲಸೆ ಕಾರ್ಮಿಕರು ಆ ವಿಳಾಸದಲ್ಲಿ ನೋಂದಾಯಿಸಿಕೊಂಡರು, ಮನೆ ಖಾಲಿ ಮಾಡಿದರು, ಹೆಸರು ಅಲ್ಲೇ ಉಳಿಯಿತು. ಹಳೇ ನಂಬರು, ಹೊಸ ನಂಬರು, ಅಡ್ಡರಸ್ತೆ ಬದಲಾದ ನಂಬರು ಎಂದು ಒಂದೇ ಬಾಗಿಲಿಗೆ ಮೂರು ಫಲಕ ಹೊತ್ತ ಮನೆಗಳಿರುವ ಊರಿನಲ್ಲಿ ಮನೆ ಸಂಖ್ಯೆ ತಪ್ಪಿರುವುದಾಗಲಿ, ‘0’ ಎಂದಿರುವುದಾಗಲಿ ಅಚ್ಚರಿಯಲ್ಲ. ಸಂಖ್ಯೆಯೇ ಇಲ್ಲದ ಮನೆಗಳಿಗೆ ಸೊನ್ನೆ ಹಾಕಲಾಗುತ್ತದೆ ಎಂದು ಮುಖ್ಯ ಚುನಾವಣಾ ಆಯುಕ್ತ ಜ್ಞಾನೇಶ್ ಕುಮಾರ್ ಹೇಳಿದ್ದೂ ಉಂಟು. ಹಳಸಿದ ನಮೂದು ಬೇರೆ, ಹುಸಿ ನಮೂದು ಬೇರೆ. ಎರಡನ್ನೂ ಪಟ್ಟಿ ಒಂದೇ ರೀತಿ ತೋರಿಸುತ್ತದೆ. ಬೇರ್ಪಡಿಸಿ ಹೇಳಬಲ್ಲವು ನಮೂನೆ 6ರ ಮೂಲ ಅರ್ಜಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬರೆದ ಸ್ಥಳ ವರದಿ ಮತ್ತು ಎರಡನೆಯ ಮತಗಟ್ಟೆಯಲ್ಲೂ ಅದೇ ವ್ಯಕ್ತಿ ಮತ ಹಾಕಿದ್ದಾರೆಯೇ ಎಂಬ ದಾಖಲೆ ಮಾತ್ರ.

ಆಯೋಗದ ಉತ್ತರ ಆ ಕಾಗದಗಳತ್ತ ಹೋಗಲಿಲ್ಲ, ಆರೋಪಿಸಿದವರತ್ತ ತಿರುಗಿತು. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿ ಅಂದೇ ಪತ್ರ ಬರೆದು, ನೋಂದಣಿ ನಿಯಮ 20(3)(ಬಿ) ಅಡಿಯಲ್ಲಿ ಪ್ರಮಾಣ ಮಾಡಿ ಹೆಸರುಗಳನ್ನು ಕೊಡುವಂತೆ ಕೇಳಿದರು. ಹತ್ತು ದಿನಗಳ ನಂತರ ಏಳು ದಿನಗಳ ಗಡುವೂ ಬಂತು. ಸುಳ್ಳು ಆಪಾದನೆಯ ಹೊಣೆಯನ್ನು ಆಪಾದಿಸಿದವರು ಹೊರಬೇಕೆಂಬುದು ನ್ಯಾಯವೇ. ಆದರೆ ಆ ನಿಯಮ ಇರುವುದು ಹಕ್ಕು–ಆಕ್ಷೇಪಣೆಗಳ ವಿಚಾರಣೆಯಲ್ಲಿ ಸಾಕ್ಷ್ಯ ದಾಖಲಿಸಿಕೊಳ್ಳುವ ಸಂದರ್ಭಕ್ಕೆ. ಚುನಾವಣೆ ಮುಗಿದು ವರ್ಷ ಕಳೆದ ಪಟ್ಟಿಯ ಬಗ್ಗೆ ಸಾರ್ವಜನಿಕವಾಗಿ ಆಡಿದ ಮಾತಿಗೆ ಅದನ್ನು ಅನ್ವಯಿಸುವುದು ಎಳೆದು ಹೊಂದಿಸಿದಂತೆ ಕಾಣುತ್ತದೆ. ವಿಶೇಷ ತನಿಖಾ ತಂಡ ರಚಿಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಹೀಗೆ ಮಹದೇವಪುರದ ಒಂದು ಲಕ್ಷ ನಮೂದುಗಳು ಸುಳ್ಳೆಂದೂ ನಿಜವೆಂದೂ ಸಾಬೀತಾಗದೆ ರಾಜಕೀಯ ಭಾಷಣಗಳ ಪಾಲಾದವು.

ಆಳಂದದ ಕಥೆ ಇದಕ್ಕಿಂತ ಹೆಚ್ಚು ಪಾಠ ಹೇಳುವಂಥದ್ದು, ಏಕೆಂದರೆ ಅಲ್ಲಿ ವ್ಯವಸ್ಥೆಯ ಒಂದು ಭಾಗ ಕೆಲಸ ಮಾಡಿತು. 2018ರ ವಿಧಾನಸಭಾ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಈ ಕ್ಷೇತ್ರದ ಗೆಲುವಿನ ಅಂತರ ಬರೀ 697 ಮತ. ಮುಂದಿನ ಚುನಾವಣೆ ಸಮೀಪಿಸುತ್ತಿದ್ದಾಗ, ಹೆಸರು ತೆಗೆಯುವಂತೆ ಕೋರಿ ಆನ್‌ಲೈನ್‌ನಲ್ಲಿ 6,018 ನಮೂನೆ 7 ಅರ್ಜಿಗಳು ಬಂದಿದ್ದವು. ತಮ್ಮ ಹತ್ತಿರದ ಸಂಬಂಧಿಕರ ಹೆಸರಿನ ವಿರುದ್ಧವೇ ಅರ್ಜಿ ಬಂದಿದ್ದನ್ನು ಕಂಡ ಬಿಎಲ್‌ಒ ಒಬ್ಬರು, ಅರ್ಜಿದಾರರೆಂದು ನಮೂದಾಗಿದ್ದವರನ್ನು ವಿಚಾರಿಸಿದರೆ, ತಾವು ಅಂಥ ಅರ್ಜಿ ಹಾಕಿಯೇ ಇಲ್ಲ ಎಂಬ ಉತ್ತರ ಸಿಕ್ಕಿತು. ಹೆಸರು ತೆಗೆಸಿಕೊಳ್ಳಬೇಕಿದ್ದವರಿಗೂ ಗೊತ್ತಿಲ್ಲ, ತೆಗೆಸುತ್ತಿದ್ದವರಿಗೂ ಗೊತ್ತಿಲ್ಲ. ಮನೆಮನೆ ಪರಿಶೀಲನೆ ಮಾಡಿದಾಗ 24 ಅರ್ಜಿಗಳು ಮಾತ್ರ ಸರಿಯಿದ್ದವು. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಚುನಾವಣಾಧಿಕಾರಿಗಳೇ ದೂರು ಕೊಟ್ಟು ಎಫ್‌ಐಆರ್ ದಾಖಲಾಯಿತು. ಅಂದರೆ ಹಳೇ ಪದ್ಧತಿಯ ಕಾವಲು, ಮನೆಯವರನ್ನು ಗುರುತಿಸಬಲ್ಲ ಸ್ಥಳೀಯ ನೌಕರರ ಕಣ್ಣು, ಮೋಸವನ್ನು ಹಿಡಿಯಿತು.

ಸೋತದ್ದು ಮುಂದಿನ ಹಂತ. ಅರ್ಜಿ ಯಾವ ಸಾಧನದಿಂದ, ಯಾವ ಜಾಲದ ಮೂಲಕ ಬಂತು ಎಂಬುದನ್ನು ಕಂಡುಹಿಡಿಯದೆ ಹಿಂದಿನ ಕೈಯನ್ನು ಹಿಡಿಯಲಾಗದು. 2023ರ ಸೆಪ್ಟೆಂಬರ್ 6ರಂದೇ ತನ್ನಲ್ಲಿರುವ ಮಾಹಿತಿಯನ್ನೆಲ್ಲ ಕಲಬುರಗಿಯ ಪೊಲೀಸ್ ವರಿಷ್ಠಾಧಿಕಾರಿಗೆ ಕೊಟ್ಟಿದ್ದೇವೆ ಎಂಬುದು ಆಯೋಗದ ನಿಲುವು. ಆ ಮಾಹಿತಿಯಿಂದ ಮುಂದಕ್ಕೆ ಹೋಗಲಾಗಲಿಲ್ಲ, ಸಾಧನದ ಪೋರ್ಟ್ ಮತ್ತು ತಲುಪುದಾಣದ ಐಪಿ ವಿವರ ಬೇಕೆಂದು ಸಿಐಡಿ ಮತ್ತೆ ಮತ್ತೆ ಪತ್ರ ಬರೆಯಿತು. ಹದಿನೆಂಟು ತಿಂಗಳಲ್ಲಿ ಹದಿನೆಂಟು ಪತ್ರ ಎಂದು ರಾಹುಲ್ ಗಾಂಧಿ ಲೆಕ್ಕ ಕೊಟ್ಟರು. ಆಯೋಗ ಅವರ ಆರೋಪವನ್ನು ಅಲ್ಲಗಳೆಯಿತು, ಸಾರ್ವಜನಿಕರು ಯಾರೂ ಆನ್‌ಲೈನ್‌ನಲ್ಲಿ ನೇರವಾಗಿ ಹೆಸರು ಅಳಿಸಲು ಸಾಧ್ಯವೇ ಇಲ್ಲ ಎಂದಿತು. ಅದು ನಿಜ, ಅರ್ಜಿ ಹಾಕುವುದು ಮತ್ತು ಅಳಿಸುವುದು ಒಂದೇ ಅಲ್ಲ. ಆದರೂ ವಿವಾದದ ಬೆನ್ನಲ್ಲೇ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಆಧಾರಿತ ಇ–ಸಹಿ ಕಡ್ಡಾಯವಾಯಿತು, ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. ನಮೂನೆ 10ರಲ್ಲಿ ಆಕ್ಷೇಪಿಸಿದವರ ಹೆಸರಿಗೆ ಒಂದು ಅಂಕಣವಿದೆ. ಅರ್ಜಿ ಹಿಡಿದು ಮನುಷ್ಯನೇ ಕಚೇರಿಗೆ ಬರುತ್ತಿದ್ದ ಕಾಲದಲ್ಲಿ ಅಷ್ಟು ಸಾಕಿತ್ತು.

ಬಿಹಾರದಲ್ಲಿ ಪ್ರಶ್ನೆ ಇನ್ನಷ್ಟು ಮೂಲಕ್ಕೆ ಇಳಿಯಿತು. 2025ರ ಜೂನ್ 24ರಂದು ಆಯೋಗ ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆಗೆ, ಅಂದರೆ ಪಟ್ಟಿಯನ್ನು ಹೊಸದಾಗಿ ಬರೆಯುವ ಕೆಲಸಕ್ಕೆ, ಆದೇಶಿಸಿತು. ಆಗ ಪಟ್ಟಿಯಲ್ಲಿದ್ದವರು 7.89 ಕೋಟಿ, ಗಣತಿ ನಮೂನೆ ತುಂಬಿ ಕೊಟ್ಟವರ ಹೆಸರು ಮಾತ್ರ ಕರಡಿಗೆ ಬರುತ್ತಿತ್ತು. ಆಗಸ್ಟ್ 1ರ ಕರಡಿನಲ್ಲಿ ಉಳಿದವರು 7.24 ಕೋಟಿ. ಸುಮಾರು 65 ಲಕ್ಷ ಹೆಸರುಗಳು ಕಾಣೆಯಾಗಿದ್ದವು. ಸತ್ತವರು 22 ಲಕ್ಷ, ಊರು ಬಿಟ್ಟವರು ಅಥವಾ ಸಿಗದವರು 36 ಲಕ್ಷ, ಎರಡೆರಡು ಕಡೆ ಇದ್ದವರು 7 ಲಕ್ಷ ಎಂಬ ಒಟ್ಟು ಲೆಕ್ಕವನ್ನು ಆಯೋಗ ಕೊಟ್ಟಿತು. ಅವರಲ್ಲಿ ಯಾರು ಯಾವ ಗುಂಪಿನವರು ಎಂದು ಹೇಳಲಿಲ್ಲ. ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ (ಎಡಿಆರ್) ಹೆಸರುಹೆಸರಾಗಿ ಪಟ್ಟಿ ಕೇಳಿದಾಗ, ಕರಡಿನಲ್ಲಿ ಸೇರದವರ ಪ್ರತ್ಯೇಕ ಪಟ್ಟಿಯನ್ನಾಗಲಿ ಕಾರಣಗಳನ್ನಾಗಲಿ ಪ್ರಕಟಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ ಎಂದು ಆಯೋಗ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು.

ಈ ವಾದದ ಜಾಣತನವನ್ನು ಗಮನಿಸಬೇಕು. ಇದು ಅಳಿಸುವಿಕೆಯಲ್ಲ, ಹೊಸದಾಗಿ ಪಟ್ಟಿ ಬರೆಯುವಾಗ ಸೇರದೇ ಉಳಿದದ್ದು ಅಷ್ಟೇ ಎಂದುಬಿಟ್ಟರೆ 21ಎ ನಿಯಮದ ಸೂಚನಾ ಫಲಕದ ಗೊಡವೆ ಇರುವುದಿಲ್ಲ. ಆದರೆ ಒಮ್ಮೆ ಪಟ್ಟಿಯಲ್ಲಿದ್ದು ಮತ ಹಾಕಿದವರಿಗೆ ಅವರ ನಮೂದು ಸರಿಯಿತ್ತು ಎಂಬ ಭಾವನೆಯ ಬಲವಿದೆ, ನೋಟಿಸ್ ಕೊಡದೆ, ಅವರ ಮಾತು ಕೇಳದೆ ಹೆಸರು ತೆಗೆಯುವಂತಿಲ್ಲ ಎಂದು 1995ರ ಲಾಲ್ ಬಾಬು ಹುಸೇನ್ ತೀರ್ಪು ಹೇಳಿತ್ತು. ಅದನ್ನು ದಾಟಲು ‘ಅಳಿಸಿಲ್ಲ, ಸೇರಿಸಿಲ್ಲ’ ಎಂಬ ಪದಪ್ರಯೋಗ ಸಾಲದು. ಆಗಸ್ಟ್ 12ರ ವಿಚಾರಣೆಯಲ್ಲಿ ಅರ್ಜಿದಾರರಲ್ಲೊಬ್ಬರಾದ ಯೋಗೇಂದ್ರ ಯಾದವ್, ಸತ್ತವರೆಂದು ಕರಡಿನಿಂದ ಬಿಟ್ಟುಹೋಗಿದ್ದ ಇಬ್ಬರನ್ನು ನ್ಯಾಯಾಲಯದ ಕೋಣೆಯಲ್ಲೇ ನಿಲ್ಲಿಸಿದರು. ಅಚಾತುರ್ಯದಿಂದ ಆದ ತಪ್ಪಿರಬಹುದು ಎಂದಿತು ಪೀಠ. ಇರಬಹುದು, ಆದರೆ ಹೆಸರುಗಳ ಪಟ್ಟಿ ಹೊರಗೆ ಬರುವತನಕ ಅಂಥ ತಪ್ಪುಗಳು ಎರಡೇ ಅಥವಾ ಎರಡು ಲಕ್ಷವೇ ಎಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಎರಡು ದಿನಗಳ ನಂತರ, ಆಗಸ್ಟ್ 14ರಂದು, ನ್ಯಾಯಮೂರ್ತಿ ಸೂರ್ಯಕಾಂತ್ ಮತ್ತು ನ್ಯಾಯಮೂರ್ತಿ ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ ಕೊಟ್ಟ ಮಧ್ಯಂತರ ಆದೇಶ, ನನ್ನ ದೃಷ್ಟಿಯಲ್ಲಿ, ಈ ಇಡೀ ವಿವಾದಮಾಲೆಯ ಅತ್ಯಂತ ಉಪಯುಕ್ತ ದಾಖಲೆ. ಅದರಲ್ಲಿ ದೊಡ್ಡ ಸಾಂವಿಧಾನಿಕ ತತ್ವಗಳ ಪ್ರತಿಪಾದನೆಯಿಲ್ಲ. 65 ಲಕ್ಷ ಹೆಸರುಗಳನ್ನೂ ಮತಗಟ್ಟೆವಾರು, ಕಾರಣ ಸಹಿತ, ಜಿಲ್ಲಾ ಜಾಲತಾಣಗಳಲ್ಲಿ ಎಪಿಕ್ ಸಂಖ್ಯೆ ಹಾಕಿ ಹುಡುಕುವಂತೆ ಪ್ರಕಟಿಸಬೇಕು. ಪಂಚಾಯಿತಿ ಮತ್ತು ಬ್ಲಾಕ್ ಕಚೇರಿಗಳಲ್ಲಿ ಅಂಟಿಸಬೇಕು. ಪತ್ರಿಕೆ, ರೇಡಿಯೊ, ಟಿವಿಯಲ್ಲಿ ಸಾರಬೇಕು. ಹೆಸರು ಬಿಟ್ಟುಹೋದವರು ಆಧಾರ್ ಪ್ರತಿಯೊಂದಿಗೆ ಅರ್ಜಿ ಕೊಡಬಹುದು. ಇವೆಲ್ಲಕ್ಕೂ ಕೆಲವೇ ದಿನಗಳ ಗಡುವು. ಅಸಾಧ್ಯವೆಂಬಂತೆ ಬಿಂಬಿಸಲಾಗಿದ್ದ ಕೆಲಸ ಗಡುವಿನೊಳಗೇ ಮುಗಿಯಿತು, ಏಕೆಂದರೆ ಮಾಹಿತಿ ಆಯೋಗದ ಬಳಿ ಸಿದ್ಧವಾಗಿಯೇ ಇತ್ತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಹೆಸರುಗಳಿದ್ದವು. ಕರಡಿನ ನಂತರ 21.53 ಲಕ್ಷ ಸೇರಿದ್ದವು, 3.66 ಲಕ್ಷ ಹೋಗಿದ್ದವು.

ತಪ್ಪು ಒಂದೇ ಕಡೆಯದ್ದಲ್ಲ ಎಂಬುದನ್ನೂ ಬಿಹಾರ ತೋರಿಸಿತು. ಅಂತಿಮ ಪಟ್ಟಿಯಿಂದ ತಮ್ಮ ಹೆಸರು ಅನ್ಯಾಯವಾಗಿ ಹೋಗಿದೆ ಎಂದು ಒಬ್ಬರ ಪ್ರಮಾಣಪತ್ರವನ್ನು ಅರ್ಜಿದಾರರ ಕಡೆಯವರು ಅಕ್ಟೋಬರ್‌ನಲ್ಲಿ ಸಲ್ಲಿಸಿದರು. ಆ ವ್ಯಕ್ತಿಯ ಹೆಸರು ಕರಡಿನಲ್ಲೇ ಇರಲಿಲ್ಲ ಎಂದು ಆಯೋಗ ತೋರಿಸಿದಾಗ ಪೀಠ ಅಸಮಾಧಾನ ವ್ಯಕ್ತಪಡಿಸಿತು. ಪಟ್ಟಿ ತೆರೆದಿದ್ದರಿಂದಲೇ ಆ ಹುಳುಕು ಹೊರಬಿತ್ತು ಎಂಬುದನ್ನು ಗಮನಿಸಿದರೆ, ತೆರೆದ ದಾಖಲೆ ಆಯೋಗದ ಶತ್ರುವಲ್ಲ, ಸುಳ್ಳು ಆರೋಪದ ವಿರುದ್ಧ ಅದಕ್ಕಿರುವ ಒಳ್ಳೆಯ ಗುರಾಣಿ ಎಂಬುದು ಕಾಣುತ್ತದೆ.

ಹೀಗಿದ್ದೂ ನಿಯಮಗಳು ಸಾಗುತ್ತಿರುವುದು ಎದುರು ದಿಕ್ಕಿಗೆ. ಹರಿಯಾಣ ಚುನಾವಣೆಯ ವಿಡಿಯೊ ಮತ್ತಿತರ ದಾಖಲೆಗಳನ್ನು ವಕೀಲರೊಬ್ಬರಿಗೆ ಕೊಡುವಂತೆ ಪಂಜಾಬ್–ಹರಿಯಾಣ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಕೆಲವೇ ದಿನಗಳಲ್ಲಿ, ಡಿಸೆಂಬರ್ 20ರಂದು, ಚುನಾವಣಾ ನಿರ್ವಹಣಾ ನಿಯಮಗಳಲ್ಲಿ, ದಾಖಲೆಗಳನ್ನು ಸಾರ್ವಜನಿಕರು ನೋಡುವುದಕ್ಕೆ ಸಂಬಂಧಿಸಿದ 93ನೇ ನಿಯಮಕ್ಕೆ ತಿದ್ದುಪಡಿ ಬಂತು. ಚುನಾವಣೆಗೆ ಸಂಬಂಧಿಸಿದ ಇತರ ಎಲ್ಲ ಕಾಗದಪತ್ರಗಳು ಎಂದಿದ್ದ ಕಡೆ ‘ಈ ನಿಯಮಗಳಲ್ಲಿ ಹೇಳಲಾದ’ ಎಂಬ ಮಾತು ಸೇರಿತು. ನಿಯಮದಲ್ಲಿ ಹೆಸರಿಸದ ಸಿಸಿಟಿವಿ ದೃಶ್ಯಗಳು ಹೊರಗುಳಿದವು. ಇದನ್ನು ಪ್ರಶ್ನಿಸಿ ಜೈರಾಮ್ ರಮೇಶ್ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. 2025ರ ಮೇ 30ರ ಪತ್ರದಲ್ಲಿ ಆಯೋಗ, ತಕರಾರು ಅರ್ಜಿ ಬರದಿದ್ದರೆ ದೃಶ್ಯಗಳನ್ನು 45 ದಿನಗಳ ನಂತರ ಅಳಿಸಬಹುದು ಎಂದಿತು. ತಕರಾರು ಅರ್ಜಿಗೆ ಇರುವ ಕಾಲಮಿತಿಯೂ 45 ದಿನವೇ. ದೃಶ್ಯ ನೋಡದೆ ಅರ್ಜಿ ಬರೆಯಬೇಕು, ಅರ್ಜಿ ಬರೆಯದೆ ದೃಶ್ಯ ಉಳಿಯದು.

ಖಾಸಗಿತನದ ವಾದವನ್ನು ನೆಪವೆಂದು ತಳ್ಳಿಹಾಕುವಂತಿಲ್ಲ, ಬೆಂಗಳೂರಿನವರಿಗಂತೂ ಸಾಧ್ಯವೇ ಇಲ್ಲ. 2022ರ ನವೆಂಬರ್‌ನಲ್ಲಿ ಬೆಳಕಿಗೆ ಬಂದ ಚಿಲುಮೆ ಪ್ರಕರಣದಲ್ಲಿ, ಮತದಾರರ ಜಾಗೃತಿಗೆಂದು ಬಿಬಿಎಂಪಿಯ ಅನುಮತಿ ಪಡೆದ ಸಂಸ್ಥೆಯೊಂದರ ಕಡೆಯವರು ಬಿಎಲ್‌ಒ ಗುರುತಿನ ಚೀಟಿ ತೋರಿಸಿ ಮನೆಮನೆಯ ಮಾಹಿತಿ ಸಂಗ್ರಹಿಸಿದ ಆರೋಪ ಕೇಳಿಬಂತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಸೇರ್ಪಡೆ–ಅಳಿಸುವಿಕೆಗಳನ್ನು ಪೂರ್ತಿಯಾಗಿ ಮರುಪರಿಶೀಲಿಸಲು ಹೇಳಿತು, ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಆದರೆ ಗಮನಿಸಿ: ಅಲ್ಲಿ ಸೋರಿಕೆಯ ಭಯ ಹುಟ್ಟಿಸಿದ್ದು ಪ್ರಕಟಿತ ಪಟ್ಟಿಯಲ್ಲ, ಅಧಿಕೃತ ಚೀಟಿ. ಇಡೀ ಕ್ಷೇತ್ರದ ಹೆಸರು, ವಯಸ್ಸು, ವಿಳಾಸಗಳನ್ನು ಒಂದೇ ಕಡತವಾಗಿ ಯಾರ ಕೈಗಾದರೂ ಕೊಡುವುದು ಬೇಡ ಎಂದರೆ ಒಪ್ಪಬಹುದು. ಒಬ್ಬರ ಹೆಸರನ್ನು ಯಾವ ಕಾರಣಕ್ಕೆ, ಯಾರ ಅರ್ಜಿಯ ಮೇಲೆ, ಯಾವ ದಿನ ತೆಗೆಯಲಾಯಿತು ಎಂಬುದನ್ನು ಮುಚ್ಚಿಡಲು ಆ ಕಾರಣ ಒದಗುವುದಿಲ್ಲ. ಅಮೆರಿಕದ 1993ರ ರಾಷ್ಟ್ರೀಯ ಮತದಾರ ನೋಂದಣಿ ಕಾಯ್ದೆ ಒತ್ತು ಕೊಟ್ಟದ್ದು ಇದಕ್ಕೇ: ಪಟ್ಟಿಯನ್ನು ಸರಿಯಾಗಿಡಲು ರಾಜ್ಯ ಕೈಗೊಂಡ ಕ್ರಮಗಳ ದಾಖಲೆಗಳನ್ನು ಎರಡು ವರ್ಷ ಕಾಪಾಡಿ, ಕೇಳಿದವರಿಗೆ ತೋರಿಸಬೇಕು. ಅಲ್ಲೂ ಖಾಸಗಿತನದ ಜಗಳ ನಿಂತಿಲ್ಲ, ಆದರೆ ಅದು ನಡೆಯುವುದು ದಾಖಲೆ ತೆರೆದಿರಬೇಕೆಂಬ ನಿಯಮದ ಒಳಗೆ.

2025ರ ಅಕ್ಟೋಬರ್‌ನಲ್ಲಿ ಪರಿಷ್ಕರಣೆಯ ಎರಡನೇ ಹಂತವನ್ನು ಒಂಬತ್ತು ರಾಜ್ಯ ಮತ್ತು ಮೂರು ಕೇಂದ್ರಾಡಳಿತ ಪ್ರದೇಶಗಳಿಗೆ ಘೋಷಿಸಿದಾಗ ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಹೆಸರುಗಳು ಬದಲಾಗಲು ವಿಶೇಷ ಪರಿಷ್ಕರಣೆಯೇ ಬರಬೇಕೆಂದಿಲ್ಲ. 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಾಕಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಸೇರಿಸಲು, ತೆಗೆಯಲು, ತಿದ್ದಲು ಕೋರುವ ನಮೂನೆ 6, 7, 8 ವರ್ಷವಿಡೀ ಬರುತ್ತಲೇ ಇರುತ್ತವೆ. ಬಿಹಾರದಲ್ಲಿ ನ್ಯಾಯಾಲಯ ಒಮ್ಮೆ ಮಾಡಿಸಿದ್ದನ್ನು, ಅಂದರೆ ತೆಗೆದ ಹೆಸರುಗಳ ಮತಗಟ್ಟೆವಾರು, ಕಾರಣ ಸಹಿತವಾದ, ಎಪಿಕ್ ಸಂಖ್ಯೆ ಹಾಕಿ ಹುಡುಕಬಹುದಾದ ಪಟ್ಟಿಯನ್ನು, ಪ್ರತಿ ತಿಂಗಳು ಪ್ರತಿ ಕ್ಷೇತ್ರದಲ್ಲೂ ಪ್ರಕಟಿಸಲು ಸಂಸತ್ತು ಕೂರಬೇಕಿಲ್ಲ, ಕಾಯ್ದೆಗೆ ತಿದ್ದುಪಡಿಯೂ ಬೇಡ. ಆಯೋಗದ ಒಂದು ಸುತ್ತೋಲೆ ಸಾಕು.